ಕೆಳಗಿನಿಂದ ಎರಡನೆಯವರು

ಎಲ್ಲರೂ ಕೂತ್ಕೊಳ್ಳಿ. ಹಿಂದೆ ನಿಂತಿರೋ ಬ್ರದರ್ಸ್, ಮುಂದೆ ಎರಡು ಸಾಲು ಖಾಲಿ ಇದೆ, ಬನ್ನಿ.

ನಿಮ್ಮಲ್ಲಿ ತುಂಬಾ ಜನರಿಗೆ ಇದು ಅಪ್ರೈಸಲ್ ತಿಂಗಳು. ನನಗೂ ಅಷ್ಟೇ. ವಾರದಲ್ಲಿ ಐದು ದಿನ ನಾನೂ ನಿಮ್ಮ ಹಾಗೇ ಐಡಿ ಕಾರ್ಡ್ ಹಾಕ್ಕೊಂಡು ಆಫೀಸಿಗೆ ಹೋಗೋನು. ವರ್ಷವಿಡೀ ಮಾಡಿದ ಕೆಲಸ ಕೊನೆಗೆ ಒಂದು ನಂಬರ್ ಆಗಿ ಬರುತ್ತೆ. ಆ ನಂಬರ್ ನೋಡಿ ಕೆಲವರು ಪಾರ್ಟಿ ಕೊಡ್ತಾರೆ, ಕೆಲವರು ವಾಷ್‌ರೂಮಿಗೆ ಹೋಗಿ ಅತ್ತು ಬರ್ತಾರೆ. ಎರಡನ್ನೂ ನಾನು ನೋಡಿದ್ದೀನಿ, ಎರಡನೆಯದನ್ನು ಮಾಡಿಯೂ ಇದ್ದೀನಿ.

ಅಮೆರಿಕದವರು ಇದನ್ನು ಸತ್ತು ಹೋದ ತಮ್ಮ ಅಧ್ಯಕ್ಷರಿಗೂ ಮಾಡ್ತಾರೆ. ಅತಿ ಶ್ರೇಷ್ಠ ಅಧ್ಯಕ್ಷ ಯಾರು ಅಂತ ಜನರನ್ನು ಕೇಳ್ತಾರೆ. 2011ರಲ್ಲಿ ಗ್ಯಾಲಪ್ ಸಂಸ್ಥೆ ಕೇಳಿದಾಗ ರೇಗನ್‌ಗೆ ಶೇ. 19, ಲಿಂಕನ್‌ಗೆ ಶೇ. 14, ಕ್ಲಿಂಟನ್‌ಗೆ ಶೇ. 13 ಜನ ಓಟು ಹಾಕಿದ್ರು. ದೇಶ ಕಟ್ಟಿದ ವಾಷಿಂಗ್ಟನ್‌ಗೆ ಶೇ. 10. ಅಂದ್ರೆ ಜನ ತಮಗೆ ನೆನಪಿರೋರನ್ನ, ಟಿವಿಯಲ್ಲಿ ನೋಡಿದೋರನ್ನ ಹೆಚ್ಚು ಹೇಳ್ತಾರೆ. ಇತಿಹಾಸಕಾರರನ್ನು ಕೇಳಿದ್ರೆ ಪಟ್ಟಿಯೇ ಬೇರೆ. ಸಿ-ಸ್ಪ್ಯಾನ್ ಅನ್ನೋ ಚಾನೆಲ್ 2000, 2009, 2017, 2021 ಹೀಗೆ ನಾಲ್ಕು ಸಲ ಅವರನ್ನು ಕೇಳಿತು. ನಾಲ್ಕು ಸಲವೂ ಲಿಂಕನ್ ಮೊದಲನೆಯವರು.

ಲಿಂಕನ್ ಬಗ್ಗೆ ನೀವು ಸ್ಕೂಲಲ್ಲೇ ಕೇಳಿದ್ದೀರಿ. ಇವತ್ತು ನಾನು ಹೇಳೋದು ಇನ್ನೊಬ್ಬರ ಬಗ್ಗೆ. 1948ರಲ್ಲಿ ಆರ್ಥರ್ ಶ್ಲೆಸಿಂಜರ್ ಅನ್ನೋ ಪ್ರೊಫೆಸರ್ ಮೊದಲ ಬಾರಿಗೆ ಇಂಥ ಪಟ್ಟಿ ಮಾಡಿಸಿದಾಗ 29 ಅಧ್ಯಕ್ಷರಲ್ಲಿ ಇವರಿಗೆ ಸಿಕ್ಕಿದ್ದು 28ನೇ ಸ್ಥಾನ. ಕೆಳಗಿನಿಂದ ಎರಡನೆಯವರು. ಅಮೆರಿಕದ 50 ಡಾಲರ್ ನೋಟಿನ ಮೇಲೆ ಗಡ್ಡ ಬಿಟ್ಟ ಒಬ್ಬರ ಮುಖ ಇದೆಯಲ್ಲ, ಅವರೇ. ಯುಲಿಸಿಸ್ ಗ್ರಾಂಟ್.

ಗ್ರಾಂಟ್ ಹುಟ್ಟಿದ್ದು 1822ರ ಏಪ್ರಿಲ್ 27ಕ್ಕೆ, ಒಹಾಯೊ ರಾಜ್ಯದ ಒಂದು ಚಿಕ್ಕ ಊರಲ್ಲಿ. ತಂದೆ ಚರ್ಮ ಹದ ಮಾಡೋ ಕೆಲಸದವರು, ಹೆಸರು ಜೆಸ್ಸಿ. ನಮ್ಮ ಬೈಬಲ್ಲಿನಲ್ಲಿ ಅದೇ ಹೆಸರು ಇಷಯ. ದಾವೀದನ ಅಪ್ಪನ ಹೆಸರು. ಹೆಸರು ಒಂದೇ ಅಂತ ಇವರನ್ನು ದಾವೀದ ಅಂತ ನಾನು ಹೇಳ್ತಿಲ್ಲ, ಸುಮ್ಮನೆ ನೆನಪಿಟ್ಕೊಳ್ಳಿ. ಹುಡುಗನಿಗೆ ಆ ಕೆಲಸದ ರಕ್ತ, ವಾಸನೆ ಆಗ್ತಿರಲಿಲ್ಲ. ಅವನಿಗೆ ಬೇಕಿದ್ದದ್ದು ಕುದುರೆಗಳು ಮಾತ್ರ. ಅಪ್ಪ ಅವನನ್ನು ವೆಸ್ಟ್ ಪಾಯಿಂಟ್ ಸೇನಾ ಶಾಲೆಗೆ ಸೇರಿಸಿದರು. ಅಲ್ಲಿ ಹೆಸರೇ ತಪ್ಪಾಗಿ ದಾಖಲಾಯಿತು. ಹೈರಮ್ ಯುಲಿಸಿಸ್ ಇದ್ದದ್ದು ಯುಲಿಸಿಸ್ ಎಸ್. ಆಯಿತು, ಜೀವನವಿಡೀ ಹಾಗೇ ಉಳಿಯಿತು. 1843ರಲ್ಲಿ ಪಾಸಾದಾಗ 39 ಜನರಲ್ಲಿ 21ನೇ ರ‍್ಯಾಂಕ್. ಟಾಪರ್ ಅಲ್ಲ, ಫೇಲೂ ಅಲ್ಲ. ಮಧ್ಯದ ಬೆಂಚಿನವರು.

ಮೆಕ್ಸಿಕೋ ಯುದ್ಧದಲ್ಲಿ ಹೋರಾಡಿದರು. 1848ರಲ್ಲಿ ಜೂಲಿಯಾ ಡೆಂಟ್ ಅವರನ್ನು ಮದುವೆಯಾದರು. ಆಮೇಲೆ ಸೇನೆ ಅವರನ್ನು ಪೆಸಿಫಿಕ್ ಕರಾವಳಿಗೆ ಕಳಿಸಿತು. ಹೆಂಡತಿ ಮಕ್ಕಳು ಜೊತೆಗಿಲ್ಲ, ಕಾಗದ ಬರೋದಕ್ಕೆ ವಾರಗಟ್ಟಲೆ ಬೇಕು. ಅಲ್ಲಿ ಕುಡಿತದ ಮಾತು ಶುರುವಾಯಿತು. ಎಷ್ಟು ಕುಡಿದರು ಅನ್ನೋದು ಇವತ್ತಿಗೂ ವಾದದ ವಿಷಯ. ಆದರೆ 1854ರಲ್ಲಿ ಅವರು ರಾಜೀನಾಮೆ ಕೊಟ್ಟು ಮನೆಗೆ ಬಂದರು, ಕುಡುಕ ಅನ್ನೋ ಹೆಸರು ಅವರ ಜೊತೆಗೇ ಬಂತು.

ಮುಂದಿನ ಏಳು ವರ್ಷ ಕೈ ಹಾಕಿದ್ದೆಲ್ಲ ನಷ್ಟ. ಸೇಂಟ್ ಲೂಯಿಸ್ ಹತ್ತಿರ ಹೊಲ ಮಾಡಿದರು, ಆಗಲಿಲ್ಲ. ಸೇನಾಧಿಕಾರಿಯಾಗಿದ್ದ ಮನುಷ್ಯ ನಗರದ ಬೀದಿಗಳಲ್ಲಿ ಸೌದೆ ಮಾರಿದರು. ಹಳೇ ಸ್ನೇಹಿತರು ಎದುರು ಸಿಗ್ತಿದ್ದರು. 1857ರ ಡಿಸೆಂಬರ್ 23, ಕ್ರಿಸ್ಮಸ್‌ಗೆ ಎರಡು ದಿನ ಇರುವಾಗ, ತಮ್ಮ ಚಿನ್ನದ ಗಡಿಯಾರವನ್ನು 22 ಡಾಲರಿಗೆ ಅಡ ಇಟ್ಟರು. ಮನೆಯ ಚಿನ್ನ ಅಡ ಇಟ್ಟು ಫೀಸ್ ಕಟ್ಟಿದ ಮನೆಯಿಂದ ಬಂದವರು ಇಲ್ಲಿ ಎಷ್ಟೋ ಜನ ಇದ್ದೀರಿ. ಆ ರಸೀದಿ ಕೈಯಲ್ಲಿ ಹಿಡಿದಾಗ ಹೇಗಿರುತ್ತೆ ಅಂತ ನಿಮಗೆ ಗೊತ್ತು.

ಈಗ ಒಂದು ವಿಷಯ ಗಮನಿಸಿ. ಜೂಲಿಯಾ ಅವರ ತಂದೆ ಗುಲಾಮರನ್ನು ಇಟ್ಟುಕೊಂಡಿದ್ದವರು. ಗ್ರಾಂಟ್ ಅವರ ಕೈಗೂ ವಿಲಿಯಂ ಜೋನ್ಸ್ ಅನ್ನೋ ಒಬ್ಬ ಗುಲಾಮ ಬಂದಿದ್ದರು. ಇದನ್ನು ಮುಚ್ಚಿಡಬಾರದು, ಒಬ್ಬ ಮನುಷ್ಯನನ್ನು ಇವರು ಆಸ್ತಿಯಾಗಿ ಇಟ್ಟುಕೊಂಡಿದ್ದರು. ಮಾರಿದ್ದರೆ ದೊಡ್ಡ ಮೊತ್ತ ಸಿಗ್ತಿತ್ತು, ಮನೆಯ ಕಷ್ಟ ಕಳೀತಿತ್ತು. 1859ರ ಮಾರ್ಚಿನಲ್ಲಿ ಗ್ರಾಂಟ್ ಕೋರ್ಟಿಗೆ ಹೋಗಿ, ಒಂದು ಡಾಲರೂ ತಗೊಳ್ಳದೆ, ಅವರನ್ನು ಬಿಡುಗಡೆ ಮಾಡಿದರು. ಗಡಿಯಾರ ಅಡ ಇಟ್ಟ ಮನುಷ್ಯ ಇದನ್ನು ಮಾಡಿದ್ದು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾವ ಪಟ್ಟಿಯಲ್ಲೂ ಆ ದಿನ ಅವರ ಸ್ಥಾನ ಮೇಲೆ ಹೋಗಲಿಲ್ಲ.

1860ರಲ್ಲಿ ಅವರು ಇಲಿನಾಯ್ ರಾಜ್ಯದ ಗಲೀನಾ ಊರಿಗೆ, ಅಪ್ಪನ ಚರ್ಮದ ಅಂಗಡಿಗೆ ಕೆಲಸಕ್ಕೆ ಹೋದರು. ಚಿಕ್ಕಂದಿನಲ್ಲಿ ಬೇಡ ಅಂದಿದ್ದ ಅದೇ ಚರ್ಮ. ಅಂಗಡಿ ನೋಡಿಕೊಳ್ಳೋರು ತಮ್ಮಂದಿರು. ವಯಸ್ಸು 38. ಆ ದಿನ ಅಪ್ರೈಸಲ್ ಮಾಡಿದ್ದರೆ ನಾವೆಲ್ಲರೂ ಏನು ಬರೀತಿದ್ದೆವು?

ಮುಂದಿನ ವರ್ಷ ಅಂತರ್ಯುದ್ಧ ಶುರುವಾಯಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳೋಕೆ ದಕ್ಷಿಣದ ರಾಜ್ಯಗಳು ದೇಶದಿಂದ ಬೇರೆಯಾದವು. ಗ್ರಾಂಟ್ ಮತ್ತೆ ಸೇನೆ ಸೇರಿದರು. 1862ರ ಫೆಬ್ರವರಿಯಲ್ಲಿ ಡೊನೆಲ್ಸನ್ ಕೋಟೆ, 1863ರ ಜುಲೈ 4ರಂದು ಮಿಸಿಸಿಪ್ಪಿ ನದಿ ಮೇಲಿನ ವಿಕ್ಸ್‌ಬರ್ಗ್. 1864ರ ಮಾರ್ಚಿನಲ್ಲಿ ಲಿಂಕನ್ ಅವರನ್ನು ಇಡೀ ಸೇನೆಯ ಮುಖ್ಯಸ್ಥರನ್ನಾಗಿ ಮಾಡಿದರು. ನಾಲ್ಕು ವರ್ಷದ ಹಿಂದೆ ಅಂಗಡಿಯಲ್ಲಿ ತಮ್ಮಂದಿರ ಜೊತೆ ಕೆಲಸ ಮಾಡ್ತಿದ್ದವರು.

1865ರ ಏಪ್ರಿಲ್ 9ರಂದು ದಕ್ಷಿಣದ ಜನರಲ್ ಲೀ ಶರಣಾದಾಗ ಗ್ರಾಂಟ್ ಕೊಟ್ಟ ಷರತ್ತು ನೋಡಿ. ಸೈನಿಕರು ಆಯುಧ ಇಟ್ಟು ಮನೆಗೆ ಹೋಗಲಿ. ಉಳುಮೆಗೆ ಕುದುರೆ ಬೇಕಾಗುತ್ತೆ, ತಮ್ಮ ಕುದುರೆಗಳನ್ನು ಕರ್ಕೊಂಡು ಹೋಗಲಿ. ಅವರು ಹಸಿದಿದ್ದಾರೆ, ನಮ್ಮ ರೇಷನ್ ಕೊಡಿ. ತಮ್ಮ ಸೈನಿಕರು ಸಂತೋಷಕ್ಕೆ ತೋಪು ಹಾರಿಸಲು ಶುರು ಮಾಡಿದಾಗ ನಿಲ್ಲಿಸಿಬಿಟ್ಟರು. ಸೋತವರ ಎದುರು ಕುಣಿಯೋದು ಅವರಿಗೆ ಇಷ್ಟವಿರಲಿಲ್ಲ. ಸೋಲಿನ ರುಚಿ ಅವರಿಗೆ ಗೊತ್ತಿತ್ತು ಅಂತ ನನಗನ್ನಿಸುತ್ತೆ.

ಆದರೆ ಯುದ್ಧದ ಮಧ್ಯದಲ್ಲಿ ಒಂದು ದೊಡ್ಡ ಪಾಪವೂ ಆಯಿತು. 1862ರ ಡಿಸೆಂಬರ್ 17ರಂದು, ಹತ್ತಿಯ ಕಳ್ಳ ವ್ಯಾಪಾರದ ಸಿಟ್ಟಿನಲ್ಲಿ, ತಮ್ಮ ಸೇನೆಯ ವಶದಲ್ಲಿದ್ದ ಪ್ರದೇಶದಿಂದ ಎಲ್ಲಾ ಯೆಹೂದ್ಯರನ್ನೂ ಹೊರಗೆ ಹಾಕಿ ಅಂತ ಆಜ್ಞೆ ಹೊರಡಿಸಿದರು. ಕೆಲವರು ಮಾಡಿದ ತಪ್ಪಿಗೆ ಇಡೀ ಜನಾಂಗಕ್ಕೆ ಶಿಕ್ಷೆ. ಕೆಲವೇ ವಾರಗಳಲ್ಲಿ ಲಿಂಕನ್ ಅದನ್ನು ರದ್ದು ಮಾಡಿಸಿದರು. ಗ್ರಾಂಟ್ ಆಮೇಲೆ ತಪ್ಪು ಒಪ್ಪಿಕೊಂಡರು, ಅಲ್ಲಿಗೇ ನಿಲ್ಲಲಿಲ್ಲ. ಅಧ್ಯಕ್ಷರಾದ ಮೇಲೆ ಹಿಂದಿನ ಯಾವ ಅಧ್ಯಕ್ಷರಿಗಿಂತ ಹೆಚ್ಚು ಯೆಹೂದ್ಯರಿಗೆ ಸರ್ಕಾರಿ ಹುದ್ದೆ ಕೊಟ್ಟರು. 1876ರಲ್ಲಿ ವಾಷಿಂಗ್ಟನ್ನಿನಲ್ಲಿ ಹೊಸ ಸಭಾಮಂದಿರದ ಪ್ರತಿಷ್ಠೆ ಆದಾಗ ತಾವೇ ಹೋಗಿ ಕೂತರು, ಕಾಣಿಕೆ ಕೊಟ್ಟರು. ಯೌವನಸ್ಥರೇ, ಬಾಯಲ್ಲಿ ಸಾರಿ ಅನ್ನೋದಕ್ಕೂ ಮಾನಸಾಂತರಕ್ಕೂ ಇರೋ ವ್ಯತ್ಯಾಸ ಇದು. ಯಾರನ್ನು ಹೊರಗೆ ಹಾಕಿದೆವೋ ಅವರ ಬಾಗಿಲಿಗೆ ನಾವೇ ಹೋಗಿ ಕೂರಬೇಕು.

1869ರಿಂದ 1877ರವರೆಗೆ ಎರಡು ಅವಧಿ ಅವರು ಅಧ್ಯಕ್ಷರು. ಬಿಡುಗಡೆಯಾದ ಕಪ್ಪು ಜನರಿಗೆ ಓಟಿನ ಹಕ್ಕು ಕೊಡೋ 15ನೇ ತಿದ್ದುಪಡಿ 1870ರಲ್ಲಿ ಜಾರಿಗೆ ಬಂತು. ದಕ್ಷಿಣದಲ್ಲಿ ಕು ಕ್ಲಕ್ಸ್ ಕ್ಲಾನ್ ಅನ್ನೋ ಮುಸುಕಿನ ಗುಂಪು ರಾತ್ರಿ ಬಂದು, ಓಟು ಹಾಕೋ ಕಪ್ಪು ಜನರನ್ನು ಹೊಡೀತಿತ್ತು, ಕೊಲ್ತಿತ್ತು. ಗ್ರಾಂಟ್ 1871ರಲ್ಲಿ ಅದರ ವಿರುದ್ಧ ಕಾನೂನು ತಂದರು, ದಕ್ಷಿಣ ಕ್ಯಾರೊಲೈನಾದ ಒಂಬತ್ತು ಜಿಲ್ಲೆಗಳಿಗೆ ಸೇನೆ ಬಳಸಿ ನೂರಾರು ಜನರನ್ನು ಹಿಡಿಸಿದರು. ಆ ಕಾಲದ ಕ್ಲಾನ್ ಮುರಿದುಬಿತ್ತು.

ಇನ್ನೊಂದು ಪಕ್ಕವೂ ಇದೆ. ಗ್ರಾಂಟ್ ಜನರನ್ನು ನಂಬಿ ಮೋಸ ಹೋಗೋರು. ವಿಸ್ಕಿ ಮೇಲಿನ ತೆರಿಗೆ ಕದ್ದ ಹಗರಣ ಅವರ ಸ್ವಂತ ಕಾರ್ಯದರ್ಶಿಯ ತನಕ ಬಂತು. ಯುದ್ಧ ಮಂತ್ರಿ ಲಂಚದ ಆರೋಪದಲ್ಲಿ ರಾಜೀನಾಮೆ ಕೊಟ್ಟರು. 1873ರಲ್ಲಿ ಆರ್ಥಿಕತೆ ಕುಸಿಯಿತು. 1875ರಲ್ಲಿ ಮಿಸಿಸಿಪ್ಪಿಯ ಕಪ್ಪು ಮತದಾರರಿಗೆ ಸೇನೆ ಬೇಕಾದಾಗ ಹಿಂದೇಟು ಹಾಕಿದರು. ಇದೆಲ್ಲ ನಿಜ.

ಹಾಗಾದ್ರೆ 28ನೇ ಸ್ಥಾನ ಸರಿಯೇ? ಇಲ್ಲಿ ಕೇಳಿಸಿಕೊಳ್ಳಿ. ಹಗರಣ ಒಂದೇ ಕಾರಣ ಅಲ್ಲ. 1877ರ ನಂತರ ದಕ್ಷಿಣದಲ್ಲಿ ಸೋತವರೇ ಕಥೆ ಬರೆಯೋಕೆ ಶುರು ಮಾಡಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ಡನಿಂಗ್ ಮತ್ತು ಅವರ ಶಿಷ್ಯರು ಕಪ್ಪು ಜನರಿಗೆ ಓಟು ಕೊಟ್ಟಿದ್ದೇ ತಪ್ಪು ಅಂತ ಪುಸ್ತಕ ಬರೆದರು. ಅದು ತಪ್ಪು ಅಂದ ಮೇಲೆ, ಅದನ್ನು ಕಾಪಾಡಿದ ಅಧ್ಯಕ್ಷ ದಡ್ಡ ಅಂತ ಆಗಲೇಬೇಕಲ್ಲ. ಆ ಪುಸ್ತಕಗಳನ್ನು ಓದಿ ಬೆಳೆದವರು ರ‍್ಯಾಂಕ್ ಕೊಟ್ಟರು. 1960ರ ದಶಕದ ನಾಗರಿಕ ಹಕ್ಕುಗಳ ಹೋರಾಟದ ಮೇಲೆ ಪ್ರಶ್ನೆಗಳೇ ಬದಲಾದವು. ಸಿ-ಸ್ಪ್ಯಾನ್ ಅಳೆಯೋ ಹತ್ತು ವಿಷಯಗಳಲ್ಲಿ ಎಲ್ಲರಿಗೂ ಸಮಾನ ನ್ಯಾಯಕ್ಕಾಗಿ ಏನು ಮಾಡಿದರು ಅನ್ನೋದೂ ಒಂದು. 2000ದಲ್ಲಿ ಗ್ರಾಂಟ್ 33ನೇ ಸ್ಥಾನ. 2009ರಲ್ಲಿ 23. 2017ರಲ್ಲಿ 22. 2021ರಲ್ಲಿ 20. ಸತ್ತ ಮನುಷ್ಯ ಸಮಾಧಿಯಲ್ಲಿ ಹೊಸದಾಗಿ ಏನೂ ಮಾಡಲಿಲ್ಲ. ಅಳೆಯೋರು ಬದಲಾದರು ಅಷ್ಟೇ.

ಕೊನೆಯ ಭಾಗ ಹೇಳಿ ಮುಗಿಸ್ತೀನಿ. ಅಧಿಕಾರ ಬಿಟ್ಟ ಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಪಂಚ ಸುತ್ತಿದರು, ನಮ್ಮ ದೇಶಕ್ಕೂ ಬಂದರು. ಆಮೇಲೆ ಮಗನ ಪಾಲುದಾರ ಫರ್ಡಿನಾಂಡ್ ವಾರ್ಡ್ ಅನ್ನೋನನ್ನು ನಂಬಿ ಎಲ್ಲ ಹಣ ಹಾಕಿದರು. ಅವನು ಒಬ್ಬರ ದುಡ್ಡು ತಗೊಂಡು ಇನ್ನೊಬ್ಬರಿಗೆ ಲಾಭ ಅಂತ ಕೊಡ್ತಿದ್ದ. ಚೀಟಿ ಮೋಸ ನೋಡಿದೋರಿಗೆ ಇದು ಗೊತ್ತು. 1884ರ ಮೇ ತಿಂಗಳಲ್ಲಿ ಎಲ್ಲ ಮುಳುಗಿತು. ಸಾಲ ಕೊಟ್ಟಿದ್ದ ವ್ಯಾಂಡರ್‌ಬಿಲ್ಟ್ ಅವರಿಗೆ 1,50,000 ಡಾಲರಿಗೆ ಬದಲಾಗಿ ತಮ್ಮ ಖಡ್ಗ, ಪದಕಗಳನ್ನೂ ಕೊಟ್ಟುಬಿಟ್ಟರು. ಅದೇ ವರ್ಷ ಗಂಟಲಿನ ಕ್ಯಾನ್ಸರ್ ಗೊತ್ತಾಯಿತು.

ಜೂಲಿಯಾಗೆ ಏನೂ ಉಳಿಯಲ್ಲ ಅಂತ ಅವರು ತಮ್ಮ ನೆನಪುಗಳನ್ನು ಬರೆಯೋಕೆ ಕೂತರು. ಪ್ರಕಟಿಸೋಕೆ ಮುಂದೆ ಬಂದವರು ಲೇಖಕ ಮಾರ್ಕ್ ಟ್ವೈನ್. ನೀರು ನುಂಗಿದರೂ ನೋವು. ಧ್ವನಿ ಹೋಯಿತು, ಚೀಟಿ ಬರೆದು ಮಾತಾಡಿದರು. ಆದರೂ ಬರೆದರು. ಮುಗಿಸಿದ ಕೆಲವೇ ದಿನಕ್ಕೆ, 1885ರ ಜುಲೈ 23ರಂದು ತೀರಿಕೊಂಡರು. ಆ ಪುಸ್ತಕದಿಂದ ಜೂಲಿಯಾ ಅವರಿಗೆ ಸುಮಾರು 4,50,000 ಡಾಲರ್ ಬಂತು. ಹೆಣ ಹೊತ್ತ ಗೌರವದವರಲ್ಲಿ ಯುದ್ಧದಲ್ಲಿ ಅವರ ವಿರುದ್ಧ ನಿಂತಿದ್ದ ಇಬ್ಬರು ಜನರಲ್‌ಗಳೂ ಇದ್ದರು.

ಗ್ರಾಂಟ್ ಅವರನ್ನು ದೊಡ್ಡ ಭಕ್ತ ಅಂತ ನಾನು ಮಾಡೋಕೆ ಹೋಗಲ್ಲ. ಹಾಗಾದ್ರೆ ಈ ಭಾನುವಾರ ಇವರ ಕಥೆ ಯಾಕೆ ತಗೊಂಡೆ? ನಿಮಗೆ ನಿಜ ಹೇಳ್ಬೇಕು.

ನಮ್ಮಪ್ಪ ಕುಡೀತಿದ್ರು. ನಾನು ಹತ್ತನೇ ಕ್ಲಾಸಲ್ಲಿ ಇದ್ದಾಗಲೇ ಅವರಿಗೆ ಮನಸ್ಸಿನಲ್ಲಿ ಒಂದು ಸ್ಥಾನ ಕೊಟ್ಟುಬಿಟ್ಟಿದ್ದೆ. ಕೊನೆಯ ಸ್ಥಾನ. ಅವರು ಬಿಟ್ಟು ಆರು ವರ್ಷ ಆಯ್ತು. ಆರು ವರ್ಷದಲ್ಲಿ ಒಂದು ದಿನವೂ ಮುಟ್ಟಿಲ್ಲ. ಆದ್ರೂ ಅವರು ಮನೆಗೆ ಬರೋದು ಹತ್ತು ನಿಮಿಷ ಲೇಟಾದ್ರೆ ನಾನು ಅಮ್ಮನಿಗೆ ಫೋನ್ ಮಾಡಿ, ಅಪ್ಪ ಹೇಗಿದ್ದಾರೆ ಅಂತ ಒಂದು ಥರಾ ಕೇಳ್ತೀನಿ. ಅಮ್ಮನಿಗೆ ಅರ್ಥ ಆಗುತ್ತೆ. ಅಪ್ಪನಿಗೂ ಅರ್ಥ ಆಗುತ್ತೆ. ಕೃಪೆಯ ಬಗ್ಗೆ ಇಲ್ಲಿ ನಿಂತು ಪ್ರಸಂಗ ಮಾಡೋ ನಾನು, ಮನೆಯಲ್ಲಿ 1948ರ ಪಟ್ಟಿಯನ್ನೇ ಇಟ್ಕೊಂಡಿದ್ದೆ.

ಸಮುವೇಲನ ಮೊದಲನೆಯ ಪುಸ್ತಕ 16ನೇ ಅಧ್ಯಾಯ ಮನೆಗೆ ಹೋಗಿ ಓದಿ. ಇಷಯನ ಏಳು ಗಂಡು ಮಕ್ಕಳು ಸಾಲಾಗಿ ಬಂದರು. ಎಂಟನೆಯವನನ್ನು ಕರೆಯೋಕೆ ಸ್ವಂತ ಅಪ್ಪನಿಗೇ ತೋಚಲಿಲ್ಲ, ಅವನು ಕುರಿ ಕಾಯ್ತಿದ್ದ. ಪ್ರವಾದಿಯಾದ ಸಮುವೇಲನೂ ಮೊದಲು ಎತ್ತರ ನೋಡಿಯೇ ಮೋಸ ಹೋದ. ದೇವರು ನೋಡಿದ್ದು ಹೃದಯ.

ಗುರುವಾರ ರಾತ್ರಿ ಈ ಪ್ರಸಂಗ ಸಿದ್ಧ ಮಾಡ್ತಾ ಮಾಡ್ತಾ ಅಪ್ಪನಿಗೇ ಫೋನ್ ಮಾಡಿದೆ. ಆರು ವರ್ಷದ ಬಗ್ಗೆ ಮೊದಲ ಸಲ ಬಾಯಿ ಬಿಟ್ಟು ಹೇಳಿದೆ, ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಊಟ ಆಯ್ತಾ ಅಂತ ಕೇಳಿದ್ರು.

ನಿಮ್ಮ ಪಟ್ಟಿಯಲ್ಲಿ ಯಾರೋ ಒಬ್ಬರು ಕೆಳಗಿನಿಂದ ಎರಡನೆಯವರು ಇದ್ದಾರೆ. ಅಣ್ಣ ಇರಬಹುದು, ಹಳೇ ಫ್ರೆಂಡ್ ಇರಬಹುದು, ಸಭೆ ಬಿಟ್ಟು ಹೋದ ಸಿಸ್ಟರ್ ಇರಬಹುದು. ಕೆಲವರಿಗೆ ಅದು ಕನ್ನಡಿಯಲ್ಲಿ ಕಾಣೋ ಮುಖವೇ. ಅವರಿಗೆ ಆ ಸ್ಥಾನ ಕೊಟ್ಟದ್ದು ಯಾವ ವರ್ಷ? ಆಮೇಲೆ ಒಂದು ಸಲವಾದ್ರೂ ತಿರುಗಿ ನೋಡಿದ್ದೀರಾ? ಗ್ರಾಂಟ್ ಅವರಿಗೆ ನ್ಯಾಯ ಸಿಗೋಕೆ ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು, ಅಷ್ಟು ಹೊತ್ತಿಗೆ ಅದನ್ನು ಕೇಳೋಕೆ ಅವರಿರಲಿಲ್ಲ. ನಿಮ್ಮವರು ಇನ್ನೂ ಇದ್ದಾರೆ, ನಂಬರ್ ನಿಮ್ಮ ಫೋನಲ್ಲೇ ಇದೆ.

ಎದ್ದು ನಿಲ್ಲೋಣ. ಆ ಒಬ್ಬರ ಹೆಸರು ಮನಸ್ಸಿನಲ್ಲಿ ಹೇಳಿ, ಪ್ರಾರ್ಥನೆ ಮಾಡೋಣ. ಆಮೆನ್.