ಬಿ. ವೆಂಕಟಾಚಾರ್ಯರು ಮತ್ತು ಪರಿಚಿತ ಶಬ್ದಗಳ ಪರಕೀಯಾರ್ಥ

ಕಾರವಾರದ ಕೊಂಕಣಿ ಮನೆಯಲ್ಲಿ ಉದಕವೆಂದರೆ ಕೊಡದೊಳಗಿನ ಕುಡಿಯುವ ನೀರು. ಕೆಲವೇ ಹರದಾರಿ ದೂರದ ಅಂಕೋಲೆಯ ಕನ್ನಡ ಮನೆಯಲ್ಲಿ ಅದೇ ಶಬ್ದವು ಪೂಜೆ ತರ್ಪಣಗಳ ಹೊತ್ತಿಗೆ ಮಾತ್ರ ಕೇಳಿಬರುವದು. ಶಬ್ದವೊಂದೇ ಆಗಿ ಬಳಕೆ ಬೇರೆಯಾಗುವದನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಕಾದಂಬರಿಯ ಪುಟದಲ್ಲಿ ಇಂಥ ಶಬ್ದವು ಎದುರಾದರೆ ನಾವೂ ಮೋಸಹೋಗುತ್ತೇವೆ. ಇಂಥ ಸಂಕಟದಲ್ಲಿಯೇ ಆಯುಷ್ಯವನ್ನು ಸವೆಸಿದವರು ಬಿಂಡಿಗನವಿಲೆ ವೆಂಕಟಾಚಾರ್ಯರು.

ಅವರು 1845ರಲ್ಲಿ ಕೊಳ್ಳೇಗಾಲದಲ್ಲಿ ಜನಿಸಿದರು. ಹೊಟ್ಟೆಪಾಡಿಗೆ ಮೈಸೂರು ಸಂಸ್ಥಾನದ ನ್ಯಾಯ ಇಲಾಖೆಯ ಕೆಲಸ. ಮನಸ್ಸಿನ ಹಸಿವಿಗೆ ಬಂಗಾಲಿ. ಆ ಭಾಷೆಯನ್ನು ಅವರು ಬಹುಮಟ್ಟಿಗೆ ಸ್ವಪ್ರಯತ್ನದಿಂದಲೇ ಸಾಧಿಸಿದರು. ಈಶ್ವರಚಂದ್ರ ವಿದ್ಯಾಸಾಗರರ ಭ್ರಾಂತಿವಿಲಾಸವನ್ನು 1876ರಲ್ಲಿ ಕನ್ನಡಕ್ಕೆ ತಂದರು. ಅದರ ಮೂಲವು ಶೇಕ್ಸ್‌ಪಿಯರನ ನಾಟಕ. ಆಂಗ್ಲ ಕವಿಯು ಕಲಕತ್ತೆಯನ್ನು ಸುತ್ತಿಕೊಂಡು ನಮ್ಮ ಮನೆಗೆ ಬಂದನು! 1885ರಲ್ಲಿ ಬಂಕಿಮಚಂದ್ರರ ದುರ್ಗೇಶನಂದಿನಿಯು ಅವರ ಕೈಯಿಂದ ಕನ್ನಡವಾಯಿತು. ಆ ಮೇಲೆ ಒಂದರ ಹಿಂದೊಂದು ಕಾದಂಬರಿಗಳು ಬಂದವು.

ಬಂಗಾಲಿಯಲ್ಲಿ ಸಂಸ್ಕೃತ ಶಬ್ದಗಳು ಹೇರಳವಾಗಿರುವದರಿಂದ ಈ ಕೆಲಸವು ಸುಲಭವೆಂದು ತೋರಬಹುದು. ತೊಡಕು ಇರುವದು ಅಲ್ಲಿಯೇ. ಬಂಗಾಲಿಯ ಉಪನ್ಯಾಸವು ಭಾಷಣವಲ್ಲ, ಕಾದಂಬರಿ. ಚೇಷ್ಟೆಯೆಂದರೆ ತುಂಟತನವಲ್ಲ, ಪ್ರಯತ್ನ. ಸಂವಾದವೆಂದರೆ ವರ್ತಮಾನ. ರಾಗವೆಂದರೆ ಕೋಪ. ನಾಯಿಕೆಗೆ ರಾಗವುಂಟಾಯಿತೆಂದು ಓದಿ, ಅವಳು ಹಾಡಲಿರುವಳೆಂದೋ ಒಲಿದಳೆಂದೋ ತಿಳಿದವನಿಗೆ ಮುಂದಿನ ಸಾಲಿನಲ್ಲಿ ಅವಳು ಮುಖ ತಿರುಗಿಸಿ ಹೊರಟುಹೋದದ್ದು ಹೇಗೆ ಅರ್ಥವಾಗಬೇಕು? ಇಲ್ಲಿ ನಿಘಂಟಿಗಿಂತ ಆ ಮುಂದಿನ ಸಾಲೇ ಗುರು. ಅಭಿಮಾನವಂತೂ ಇನ್ನೂ ಕಠಿಣ: ಪ್ರೀತಿಪಾತ್ರರಿಂದಲೇ ಉಪೇಕ್ಷೆಯಾದಾಗ ಹುಟ್ಟುವ ನೋವು ಅದು. ನಮ್ಮ ಮುನಿಸು ಎಂಬುದು ಅದರ ಹತ್ತಿರಕ್ಕೆ ಹೋಗುವದು, ಆದರೆ ಮುಟ್ಟುವದಿಲ್ಲ.

ಆಚಾರ್ಯರ ಗದ್ಯವು ಸಂಸ್ಕೃತದ ಭಾರದಿಂದ ಬಳಲುವದು ನಿಜ. ಬಂಗಾಲಿಯ ನೆರಳು ಹಲವೆಡೆ ಬಿದ್ದಿದೆ. ಆ ದೋಷವನ್ನು ನಾವು ಮುಚ್ಚಿಡುವದಿಲ್ಲ. ಆದರೆ ಕನ್ನಡದಲ್ಲಿ ಕಾದಂಬರಿಯೇ ವಿರಳವಾಗಿದ್ದ ಕಾಲದಲ್ಲಿ ಓದುಗರನ್ನು ಹುಟ್ಟಿಸಿದವರ ಋಣವು ಅದಕ್ಕಿಂತ ದೊಡ್ಡದು.

ಕಾರವಾರಕ್ಕೂ ಆ ಕಾಲದಲ್ಲಿ ವಂಗದ ನಂಟಿತ್ತು. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ 1883ರಲ್ಲಿ ಬಂದ ತರುಣ ರವೀಂದ್ರನಾಥರು ಈ ಕಡಲ ತಡಿಯಲ್ಲಿಯೇ ಪ್ರಕೃತಿರ ಪ್ರತಿಶೋಧ ನಾಟಕವನ್ನು ಬರೆದರು. ಆಗ ನಾವು ಮುಂಬಯಿ ಪ್ರಾಂತಕ್ಕೆ ಸೇರಿದವರು, ಆಚಾರ್ಯರು ಮೈಸೂರಿನವರು. ಎರಡೂ ಸೀಮೆಗಳು ಒಂದಾದದ್ದು 1956ರಲ್ಲಿ.

ವೆಂಕಟಾಚಾರ್ಯರು 1914ರಲ್ಲಿ ತೀರಿಕೊಂಡರು. ಅವರು ಕನ್ನಡಿಸಿದ ಆನಂದಮಠದ ಸಂನ್ಯಾಸಿಗಳು ತಮ್ಮನ್ನು ಸಂತಾನರೆಂದು ಕರೆದುಕೊಳ್ಳುತ್ತಾರೆ. ಸಂತಾನವೆಂದರೆ ವಂಶಾಭಿವೃದ್ಧಿಯೆಂದು ತಿಳಿದ ನಮ್ಮವನು, ಮನೆ ಮಕ್ಕಳನ್ನು ತೊರೆದವರಿಗೆ ಈ ಹೆಸರೇಕೆಂದು ಅಲ್ಲಿ ತಡೆದು ನಿಲ್ಲಬೇಕು. ಅವರು ತಾಯ್ನಾಡಿನ ಮಕ್ಕಳೆಂಬುದು ಹೊಳೆದ ಬಳಿಕವೇ ಪುಟವನ್ನು ಮಗುಚಬೇಕು.