ಡಾಕ್ಟರ್ ಪಲ್ಪು

ಸಿಡುಬಿಗೆ ಅರಸನೆಂದೂ ಆಳೆಂದೂ ಭೇದವಿರಲಿಲ್ಲ, ಭೇದವೆಲ್ಲ ಮನುಷ್ಯರದು. ಡಾಕ್ಟರ್ ಪದ್ಮನಾಭನ್ ಪಲ್ಪು ಅವರ ಬಾಳೇ ಇದಕ್ಕೆ ಸಾಕ್ಷಿ.

ಅವರು 1863ರಲ್ಲಿ ತಿರುವನಂತಪುರದ ಈಳವ ಮನೆತನದಲ್ಲಿ ಜನಿಸಿದರು. ತಿರುವಾಂಕೂರು ಸಂಸ್ಥಾನದಲ್ಲಿ ವೈದ್ಯ ಶಿಕ್ಷಣಕ್ಕೆ ಅರ್ಹರಾಗಿದ್ದರೂ ಜಾತಿಯ ದೆಸೆಯಿಂದ ಪ್ರವೇಶ ದೊರೆಯಲಿಲ್ಲ. ಮದರಾಸಿನಲ್ಲಿ ಓದಿ ವೈದ್ಯರಾದ ಮೇಲೂ ತವರು ಸಂಸ್ಥಾನ ಕೆಲಸ ಕೊಡಲಿಲ್ಲ. ಹುಟ್ಟಿದ ನೆಲ ಒಲ್ಲೆನೆಂದವರನ್ನು ಮೈಸೂರು ಸಂಸ್ಥಾನ ಬರಮಾಡಿಕೊಂಡಿತು.

ಬೆಂಗಳೂರಿನಲ್ಲಿ ಅವರಿಗೊದಗಿದ ಮುಖ್ಯ ಹೊಣೆ ಸಿಡುಬಿನ ಲಸಿಕೆಯ ತಯಾರಿಕೆ. ಹಿಂದೆ ದೇವಿ ಹಾಕುವವರು ಒಬ್ಬರ ತೋಳಿನ ಗುಳ್ಳೆಯ ರಸವನ್ನೇ ಇನ್ನೊಬ್ಬರ ತೋಳಿಗೆ ಸೇರಿಸುತ್ತಿದ್ದರು. ಯಾರ ಮೈಯ ರಸವೋ ಎಂದು ಜನ ಹಿಂಜರಿಯುತ್ತಿದ್ದರು. ಬೇರೆ ರೋಗ ಅಂಟುವ ಭಯವೂ ಇತ್ತು. ಕರುವಿನ ಚರ್ಮದ ಮೇಲೆ ಬೆಳೆಸಿದ ಲಸಿಕೆ ಈ ತೊಡಕನ್ನು ಕಳೆಯಿತು. ಆದರೆ ಸೆಕೆಗೆ ಅದು ಬೇಗ ಸತ್ವಗೆಡುತ್ತಿತ್ತು. ಶುಚಿ, ತಂಪು, ತ್ವರೆ ಮೂರೂ ಬೇಕಾಗಿದ್ದುವು. ತವರಿನಲ್ಲಿ ಮೇಲುಜಾತಿಯವರು ಮುಟ್ಟಿಸಿಕೊಳ್ಳದ ಕೈಯ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ಲಸಿಕೆ ಇಲ್ಲಿ ಎಲ್ಲ ಜಾತಿಯವರ ತೋಳಿಗೂ ಇಳಿಯಿತು.

ಬೆಂಗಳೂರಿನಲ್ಲಿದ್ದರೂ ಅವರು ತಮ್ಮವರನ್ನು ಮರೆಯಲಿಲ್ಲ. 1896ರಲ್ಲಿ ಈಳವರಿಗೆ ಶಾಲೆಯನ್ನೂ ಸರ್ಕಾರಿ ಕೆಲಸವನ್ನೂ ಬೇಡಿ 13,176 ಜನರ ಸಹಿಯುಳ್ಳ ಮನವಿಯನ್ನು ತಿರುವಾಂಕೂರಿನ ಮಹಾರಾಜರಿಗೆ ಒಪ್ಪಿಸಿದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ನುಗ್ಗಿದಾಗ ಊರು ಬಿಡದೆ ರೋಗಿಗಳ ಶಿಬಿರದಲ್ಲಿ ದುಡಿದರು. ಮುಂದೆ ಇಂಗ್ಲೆಂಡಿನಲ್ಲಿ ಹೆಚ್ಚಿನ ವ್ಯಾಸಂಗ ಮಾಡಿ ಬಂದರು. 1903ರಲ್ಲಿ ನಾರಾಯಣ ಗುರುಗಳ ಹೆಸರಿನಲ್ಲಿ ಧರ್ಮಪರಿಪಾಲನ ಯೋಗವನ್ನು ಸ್ಥಾಪಿಸುವುದರಲ್ಲಿ ಮುಂದಾಳಾದರು.

1950ರಲ್ಲಿ ಪಲ್ಪು ತೀರಿಕೊಂಡರು. ಸಿಡುಬು ಭೂಮಿಯಿಂದಲೇ ಅಳಿಯಿತೆಂದು 1980ರಲ್ಲಿ ಲೋಕಕ್ಕೆ ಸಾರಲಾಯಿತು. ಅವರು ಹೋರಾಡಿದ ಎರಡು ಬೇನೆಗಳಲ್ಲಿ ಒಂದು ಹೋಯಿತು. ಇನ್ನೊಂದಕ್ಕೆ ಕರುವಿನ ಮೈಯಲ್ಲಿ ಲಸಿಕೆ ಬೆಳೆಯದು. ಅದು ನಮ್ಮ ಮನಸ್ಸಿನಲ್ಲೇ ಬೆಳೆಯಬೇಕು.