ಅರಮನೆ ಗೋಡೆಯಿಂದ ಬಡವರ ಮನೆ ಮೊಳೆಗೆ: ಚಿತ್ರವನ್ನು ಎಲ್ಲರ ಕಣ್ಣಿಗೆ ತಂದ ರಾಜಾ ರವಿವರ್ಮ

ಏಪ್ರಿಲ್, ಮೇ ಬಂತೆಂದರೆ ಕೇರಳದಲ್ಲಿ ಶಾಲೆಗಳಿಗೆ ರಜೆ. ಬಿಸಿಲಿಗೆ ಹೊರಗೆ ಕಾಲಿಡಲಾಗದ ಮಧ್ಯಾಹ್ನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಲು ಮ್ಯೂಸಿಯಂ, ಗ್ಯಾಲರಿಗಳು ಒಳ್ಳೆಯ ಜಾಗ. ಕೊಚ್ಚಿಯ ಕಳಮಶ್ಶೇರಿಯಲ್ಲಿ ಮೆಟ್ರೋ ಹತ್ತಿದರೆ ಮೊದಲು ಇಡಪ್ಪಳ್ಳಿಯ ಕೇರಳ ಇತಿಹಾಸ ಮ್ಯೂಸಿಯಂ, ಮುಂದೆ ಎರ್ನಾಕುಲಂನ ದರ್ಬಾರ್ ಹಾಲ್ ಕಲಾ ಗ್ಯಾಲರಿ, ಕೊನೆಗೆ ತ್ರಿಪ್ಪೂಣಿತ್ತುರದ ಹಿಲ್ ಪ್ಯಾಲೇಸ್ ಸಿಗುತ್ತವೆ. ಇವುಗಳಲ್ಲಿ ದರ್ಬಾರ್ ಹಾಲ್ ಒಂದು ಕಾಲದಲ್ಲಿ ಕೊಚ್ಚಿ ಮಹಾರಾಜರ ಆಸ್ಥಾನವಾಗಿತ್ತು. ಇಂದು ಅಲ್ಲಿ ಯಾರು ಬೇಕಾದರೂ ಚಿತ್ರ ನೋಡಬಹುದು.

ರಾಜರ ಮನೆಯ ಚಿತ್ರ ಜನಸಾಮಾನ್ಯರ ಕಣ್ಣಿಗೆ ಬಿದ್ದದ್ದು ಹೇಗೆ? ಆ ಕಥೆಯನ್ನು ಹುಡುಕಿ ಹೊರಟರೆ ಸಿಗುವ ಮೊದಲ ಹೆಸರು ರಾಜಾ ರವಿವರ್ಮ. ಬೇಸಿಗೆಗೂ ಅವರಿಗೂ ಒಂದು ನಂಟಿದೆ. ಅವರು ಹುಟ್ಟಿದ್ದು 1848ರ ಏಪ್ರಿಲ್ 29ರಂದು.

ಗೋಡೆಯ ಮೇಲೆ ಇದ್ದಿಲ ಚಿತ್ರ

ತಿರುವನಂತಪುರದ ಉತ್ತರಕ್ಕಿರುವ ಕಿಳಿಮಾನೂರು ಅರಮನೆ ರವಿವರ್ಮರ ಹುಟ್ಟೂರು ಮನೆ. ತಾಯಿ ಉಮಯಂಬಾ ಕವಯಿತ್ರಿ. ತಂದೆ ಏಳುಮಾವಿಲ್ ನೀಲಕಂಠನ್ ಭಟ್ಟತಿರಿಪಾಡ್ ಸಂಸ್ಕೃತ ಪಂಡಿತರು. ಸೋದರಮಾವ ರಾಜರಾಜ ವರ್ಮ ಸ್ವತಃ ಚಿತ್ರ ಬರೆಯುತ್ತಿದ್ದರು. ಬಾಲಕ ಇದ್ದಿಲಿನಿಂದ ಗೋಡೆ ತುಂಬ ಚಿತ್ರ ಗೀಚಿದಾಗ ಉಳಿದವರು ಗದರಿದರೆ, ಮಾವ ಮಾತ್ರ ಅದರಲ್ಲಿ ಪ್ರತಿಭೆ ಕಂಡರು. ಮೊದಲ ಪಾಠವನ್ನೂ ಅವರೇ ಹೇಳಿಕೊಟ್ಟರು.

1862ರಲ್ಲಿ, ಇನ್ನೂ 14 ತುಂಬುತ್ತಿದ್ದ ವಯಸ್ಸಿನಲ್ಲಿ, ಹುಡುಗನನ್ನು ಮಾವ ತಿರುವನಂತಪುರಕ್ಕೆ ಕರೆತಂದರು. ತಿರುವಾಂಕೂರಿನ ಮಹಾರಾಜ ಆಯಿಲ್ಯಂ ತಿರುನಾಳ್ ಆಶ್ರಯ ಕೊಟ್ಟರು. ಆದರೆ ವಿದ್ಯೆ ಸುಲಭವಾಗಿ ಸಿಗಲಿಲ್ಲ.

ಯಾರೂ ಕಲಿಸದ ವಿದ್ಯೆ

ಆಗ ತೈಲವರ್ಣ ನಮ್ಮಲ್ಲಿ ಹೊಸದು. ಬಲ್ಲವರು ಅದನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತಿದ್ದರು. ಆಸ್ಥಾನದ ಚಿತ್ರಕಾರ ರಾಮಸ್ವಾಮಿ ನಾಯ್ಡು ಕಲಿಸಲು ಒಪ್ಪಲಿಲ್ಲ. ಅವರ ಶಿಷ್ಯರೊಬ್ಬರು ಗುರುವಿಗೆ ತಿಳಿಯದಂತೆ ಒಂದಿಷ್ಟು ಹೇಳಿಕೊಟ್ಟರು ಎನ್ನುತ್ತಾರೆ. 1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಯುರೋಪಿಯನ್ ಕಲಾವಿದ ರಾಜಮನೆತನದವರ ಭಾವಚಿತ್ರ ಬರೆಯಲು ತಿರುವನಂತಪುರಕ್ಕೆ ಬಂದರು. ಅವರೂ ಪಾಠ ಹೇಳಲಿಲ್ಲ. ತಾವು ಕೆಲಸ ಮಾಡುವಾಗ ನಿಂತು ನೋಡಲು ಮಾತ್ರ ಬಿಟ್ಟರು.

ರವಿವರ್ಮರಿಗೆ ಅಷ್ಟು ಸಾಕಾಯಿತು. ಬಣ್ಣ ಕಲಸುವುದು, ಒಂದರ ಮೇಲೊಂದು ಪದರ ಹಚ್ಚುವುದು, ಬೆಳಕು-ನೆರಳು ಬೆರೆಸುವುದು, ಎಲ್ಲವನ್ನೂ ನೋಡಿ ನೋಡಿ, ತಪ್ಪು ಮಾಡಿ ಮಾಡಿ ಕಲಿತರು. ಕಣ್ಣಿಂದಲೇ ಕಲಿತ ಈ ಮನುಷ್ಯ ಮುಂದೆ ಚಿತ್ರವನ್ನು ಬಚ್ಚಿಡದೆ ಎಲ್ಲರಿಗೂ ತೋರಿಸಲು ಹೊರಟದ್ದು ಆಶ್ಚರ್ಯವೇನಲ್ಲ.

ಕೊಲ್ಲೂರಿನಿಂದ ಹೊಸ ದಾರಿ

ಕನ್ನಡಿಗರು ನೆನಪಿಡಬೇಕಾದ ಒಂದು ಘಟ್ಟ ಇಲ್ಲಿದೆ. 1870ರಲ್ಲಿ ರವಿವರ್ಮ ಕೊಲ್ಲೂರು ಮೂಕಾಂಬಿಕೆಯ ಸನ್ನಿಧಿಗೆ ಬಂದು 41 ದಿನಗಳ ವ್ರತ ಕೈಗೊಂಡರು. ಹಿಂದಿರುಗುವ ದಾರಿಯಲ್ಲಿ ಕೋಯಿಕ್ಕೋಡಿನ ಕಿಳಕ್ಕೇ ಪಾಲಾಟ್ ಕೃಷ್ಣ ಮೆನನ್ ಅವರ ಕುಟುಂಬದ ಚಿತ್ರ ಬರೆದುಕೊಟ್ಟರು. ಹಣಕ್ಕಾಗಿ ಬರೆದ ಅವರ ಮೊದಲ ಚಿತ್ರ ಅದೇ ಎಂದು ಚರಿತ್ರಕಾರರು ಗುರುತಿಸುತ್ತಾರೆ. ರಾಜವಂಶದ ನಂಟಿನವರು ಕೂಲಿಗೆ ಕೆಲಸ ಮಾಡುವುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ.

ಪ್ರದರ್ಶನಗಳು ತಂದ ಹೆಸರು

ಅವರನ್ನು ತಿರುವಾಂಕೂರಿನ ಆಚೆಗೆ ಒಯ್ದದ್ದು ಕಲಾ ಪ್ರದರ್ಶನಗಳೇ. 1873ರಲ್ಲಿ ಮದ್ರಾಸಿನ ಪ್ರದರ್ಶನಕ್ಕೆ ಅವರು ಕಳುಹಿಸಿದ ಚಿತ್ರದಲ್ಲಿ ನಾಯರ್ ಹೆಣ್ಣುಮಗಳೊಬ್ಬಳು ಮುಡಿಗೆ ಮಲ್ಲಿಗೆ ಮುಡಿಯುತ್ತಿದ್ದಳು. ಅದಕ್ಕೆ ಚಿನ್ನದ ಪದಕ ಬಂತು. ಅದೇ ವರ್ಷ ವಿಯೆನ್ನಾದ ಅಂತರರಾಷ್ಟ್ರೀಯ ಪ್ರದರ್ಶನದಲ್ಲೂ ಪುರಸ್ಕಾರ ಸಿಕ್ಕಿತು. ಆಗ ಅವರಿಗೆ 25 ವರ್ಷ. 1876ರಲ್ಲಿ ಮದ್ರಾಸಿನಲ್ಲಿ ಪ್ರದರ್ಶನಗೊಂಡ, ದುಷ್ಯಂತನಿಗೆ ಓಲೆ ಬರೆಯುವ ಶಕುಂತಲೆಯ ಚಿತ್ರವನ್ನು ಗವರ್ನರ್ ಆಗಿದ್ದ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ಕೊಂಡುಕೊಂಡರು.

1893ರಲ್ಲಿ ಷಿಕಾಗೋ ವಿಶ್ವ ಮೇಳಕ್ಕೆ 10 ಚಿತ್ರಗಳು ಹಡಗೇರಿದವು. ಭಾರತದ ಬೇರೆ ಬೇರೆ ಸಮುದಾಯಗಳ ಹೆಣ್ಣುಮಕ್ಕಳ ಬದುಕು ಅವುಗಳ ವಸ್ತು. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಈ ಮೇಳದ ಸಂದರ್ಭದಲ್ಲೇ. ರವಿವರ್ಮರ ಚಿತ್ರಗಳು ಅಲ್ಲಿಂದ ಪದಕ ಹೊತ್ತು ತಂದವು.

ಆದರೆ ಅವರ ಬದುಕನ್ನು ತಿರುಗಿಸಿದ ಪ್ರದರ್ಶನ ನಮ್ಮ ದೇಶದ್ದೇ. ಬರೋಡಾದ ಮಹಾರಾಜ ಮೂರನೇ ಸಯಾಜಿರಾವ್ ಗಾಯಕ್‌ವಾಡ್ 1888ರಲ್ಲಿ ರಾಮಾಯಣ, ಮಹಾಭಾರತ, ಪುರಾಣಗಳ 14 ದೃಶ್ಯಗಳನ್ನು ಬರೆಯಲು ಕೇಳಿಕೊಂಡರು. ರವಿವರ್ಮ ತಮ್ಮ ಸಿ. ರಾಜರಾಜ ವರ್ಮನ ಜತೆ ಉತ್ತರ ಭಾರತವನ್ನೆಲ್ಲ ಸುತ್ತಿ ಉಡುಗೆ, ಒಡವೆ, ಮುಖಚಹರೆಗಳನ್ನು ಗಮನಿಸಿದರು. ಸುಮಾರು ಎರಡು ವರ್ಷಗಳಲ್ಲಿ ಚಿತ್ರಗಳು ಮುಗಿದವು. ಲಕ್ಷ್ಮೀವಿಲಾಸ ಅರಮನೆಯ ಗೋಡೆ ಸೇರುವ ಮುನ್ನ ಅವುಗಳನ್ನು ಸಾರ್ವಜನಿಕರ ಮುಂದಿಟ್ಟಾಗ ಜನ ಮುಗಿಬಿದ್ದರು. ಹರಿಕಥೆಯಲ್ಲಿ ಕೇಳಿದ್ದ ನಳ-ದಮಯಂತಿ, ಹರಿಶ್ಚಂದ್ರ-ತಾರಾಮತಿಯರು ಎದುರಿಗೇ ಬಂದು ನಿಂತಂತಿತ್ತು.

ಪ್ರದರ್ಶನ ಮುಗಿದ ಮೇಲೆ ಚಿತ್ರಗಳು ಅರಮನೆ ಸೇರಿದವು. ಜನ ಹೊರಗೇ ಉಳಿದರು.

ಕಲ್ಲಚ್ಚಿನ ಕನಸು, ಸಾಲದ ಹೊರೆ

ಚಿತ್ರಗಳ ಪ್ರತಿಗಳನ್ನು ಅಚ್ಚು ಹಾಕಿಸಿ ಹಂಚಿದರೆ ಹೇಗೆ ಎಂಬ ಸಲಹೆಯನ್ನು ತಿರುವಾಂಕೂರು, ಬರೋಡಾ ಸಂಸ್ಥಾನಗಳ ದಿವಾನರಾಗಿದ್ದ ಸರ್ ಟಿ. ಮಾಧವರಾವ್ ಹಿಂದೆಯೇ ಕೊಟ್ಟಿದ್ದರು. 1894ರಲ್ಲಿ ಮುಂಬೈಯಲ್ಲಿ ರವಿವರ್ಮ ಲಿಥೋಗ್ರಾಫಿಕ್ ಪ್ರೆಸ್ ಶುರುವಾಯಿತು. ಜರ್ಮನಿಯಿಂದ ತಂತ್ರಜ್ಞರು ಬಂದರು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಸಿದ್ಧಪಡಿಸಿ, ಒಂದೇ ಹಾಳೆಯನ್ನು ಮತ್ತೆ ಮತ್ತೆ ಒತ್ತಿ ತೆಗೆಯುವ ಕೆಲಸ ಅದು. ಮೊದಲು ಹೊರಬಂದ ಚಿತ್ರ ಶಕುಂತಲೆಯ ಜನನ.

ಆಮೇಲೆ ಲಕ್ಷ್ಮಿ, ಸರಸ್ವತಿಯರು ಹಾಳೆಯ ಮೇಲೆ ಮನೆಮನೆಗೆ ಹೊರಟರು. ಇದರ ತೂಕ ತಿಳಿಯಲು ಆ ಕಾಲವನ್ನು ನೆನೆಯಬೇಕು. ತಿರುವಾಂಕೂರಿನಲ್ಲಿ ಕೆಳಜಾತಿ ಎನಿಸಿಕೊಂಡವರಿಗೆ ದೇವಸ್ಥಾನದ ಬಾಗಿಲು ಮುಚ್ಚಿತ್ತು. ಗರ್ಭಗುಡಿಯ ಮೂರ್ತಿಯನ್ನು ಕಣ್ಣಾರೆ ನೋಡದವರ ಮನೆಯ ಗೋಡೆಗೂ ಈಗ ದೇವರು ಬರಬಹುದಿತ್ತು. ಒಂದು ಮೊಳೆ ಇದ್ದರೆ ಸಾಕಿತ್ತು. ಹಳೇ ಮೈಸೂರಿನ ಮನೆಗಳಲ್ಲಿ ಈ ಚಿತ್ರಗಳಿಗೆ ಜರಿ, ಚಮಕಿ ಅಂಟಿಸಿ ಕಟ್ಟು ಹಾಕಿಸುವ ರೂಢಿಯೂ ಬೆಳೆಯಿತು.

ಜನರಿಗೆ ಚಿತ್ರ ಸಿಕ್ಕಿತು, ಆದರೆ ಪ್ರೆಸ್‌ಗೆ ಲಾಭ ಬರಲಿಲ್ಲ. ಮುಂಬೈಯಿಂದ ಅದು ಲೋಣಾವಳ ಸಮೀಪದ ಮಳವಳಿಗೆ ಸ್ಥಳಾಂತರವಾಯಿತು. ಸಾಲ ಬೆಳೆಯಿತು. ಕೊನೆಗೆ 20ನೇ ಶತಮಾನದ ಆರಂಭದಲ್ಲಿ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರ್‌ಗೆ ಪ್ರೆಸ್ ಮಾರಬೇಕಾಯಿತು. ಭಾರತೀಯ ಸಿನಿಮಾದ ಪಿತಾಮಹ ದಾದಾಸಾಹೇಬ್ ಫಾಲ್ಕೆ ಕೂಡ ಈ ಪ್ರೆಸ್‌ನಲ್ಲಿ ಕೆಲಸ ಮಾಡಿದ್ದರು.

ನಷ್ಟ ಹಣದ್ದಷ್ಟೇ ಅಲ್ಲ. 1866ರಲ್ಲಿ ಮದುವೆಯಾದ ಮಾವೇಲಿಕ್ಕರದ ಭಾಗೀರಥಿ ಬಾಯಿ ಬಹುಕಾಲ ಮಕ್ಕಳೊಂದಿಗೆ ತವರಲ್ಲೇ ಉಳಿದರು. ಗಂಡ ಸಂಸ್ಥಾನದಿಂದ ಸಂಸ್ಥಾನಕ್ಕೆ ಅಲೆಯುತ್ತಿದ್ದರು. 1891ರಲ್ಲಿ ಆಕೆ ತೀರಿಕೊಂಡರು. ಇತ್ತ ಹೊಸ ತಲೆಮಾರಿನ ವಿಮರ್ಶಕರು ರವಿವರ್ಮರ ಶೈಲಿ ಯುರೋಪಿನ ಅನುಕರಣೆ, ನಾಟಕೀಯ ಎಂದು ತಳ್ಳಿಹಾಕತೊಡಗಿದರು. ಅಚ್ಚಿನ ಚಿತ್ರ ಅಗ್ಗವಾದಷ್ಟೂ ಕಲಾವಿದನ ಬೆಲೆಯೂ ಇಳಿಯಿತು ಎಂದು ಭಾವಿಸಿದವರಿದ್ದರು.

ಮೈಸೂರಿಗೆ ಕೊನೆಯ ಕಾಣಿಕೆ

1885ರಲ್ಲೇ ಚಾಮರಾಜೇಂದ್ರ ಒಡೆಯರ್ ಆಹ್ವಾನದ ಮೇರೆಗೆ ರವಿವರ್ಮ ಮೈಸೂರಿಗೆ ಬಂದಿದ್ದರು. ಎರಡು ದಶಕಗಳ ಬಳಿಕ ನಾಲ್ವಡಿ ಕೃಷ್ಣರಾಜ ಒಡೆಯರ್ ಒಂಬತ್ತು ಪೌರಾಣಿಕ ಚಿತ್ರಗಳನ್ನು ಬರೆದುಕೊಡಲು ಕೇಳಿದರು. ಅಷ್ಟರಲ್ಲಿ, 1905ರ ಜನವರಿಯಲ್ಲಿ, ತಮ್ಮ ರಾಜರಾಜ ವರ್ಮ ತೀರಿಕೊಂಡರು. ದಶಕಗಳ ಕಾಲ ಪಕ್ಕದಲ್ಲೇ ಕೂತು ಹಿನ್ನೆಲೆಯ ಬೆಟ್ಟ, ನದಿಗಳನ್ನು ಬರೆಯುತ್ತಿದ್ದ ಕೈ ಅದು. ಸಕ್ಕರೆ ಕಾಯಿಲೆಯಿಂದ ಸೊರಗಿದ್ದ ಅಣ್ಣ ಒಬ್ಬರೇ ಕುಳಿತು ಮೈಸೂರಿನ ಕೆಲಸ ಮಾಡಿದರು. 1906ರ ಅಕ್ಟೋಬರ್ 2ರಂದು, 58ನೇ ವಯಸ್ಸಿನಲ್ಲಿ, ಕಿಳಿಮಾನೂರಿನಲ್ಲೇ ಕಣ್ಣು ಮುಚ್ಚಿದರು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರು ಇಂದಿಗೂ ಅವರ ಚಿತ್ರಗಳ ಮುಂದೆ ನಿಲ್ಲದೆ ಮುಂದಕ್ಕೆ ಹೋಗುವುದಿಲ್ಲ.

ಬಾಗಿಲು ತೆರೆದ ಮರಿಮೊಮ್ಮಗ

ರವಿವರ್ಮರ ಇಬ್ಬರು ಮೊಮ್ಮಕ್ಕಳನ್ನು 1900ರಲ್ಲಿ ತಿರುವಾಂಕೂರು ರಾಜಮನೆತನ ದತ್ತು ಪಡೆಯಿತು. ಅವರಲ್ಲಿ ಒಬ್ಬರಾದ ಸೇತು ಪಾರ್ವತಿ ಬಾಯಿ ಅವರ ಮಗನೇ ಮಹಾರಾಜ ಚಿತ್ತಿರ ತಿರುನಾಳ್. 1935ರಲ್ಲಿ ತಿರುವನಂತಪುರದ ಮ್ಯೂಸಿಯಂ ಆವರಣದಲ್ಲಿ ಶ್ರೀ ಚಿತ್ರಾ ಆರ್ಟ್ ಗ್ಯಾಲರಿ ಬಾಗಿಲು ತೆರೆದದ್ದು ಅವರ ಕಾಲದಲ್ಲೇ. ಮರುವರ್ಷ, 1936ರಲ್ಲಿ, ಎಲ್ಲ ಹಿಂದೂಗಳಿಗೂ ಸರ್ಕಾರಿ ದೇವಸ್ಥಾನಗಳನ್ನು ತೆರೆದ ಐತಿಹಾಸಿಕ ದೇವಾಲಯ ಪ್ರವೇಶ ಘೋಷಣೆಗೆ ಸಹಿ ಹಾಕಿದವರೂ ಅವರೇ. ಮುತ್ತಜ್ಜನ ಅಚ್ಚಿನ ಚಿತ್ರಗಳು ದೇವರನ್ನು ಗುಡಿಯಿಂದ ಆಚೆಗೆ ತಂದು ಆಗಲೇ ನಾಲ್ಕು ದಶಕ ಕಳೆದಿತ್ತು.

1979ರಲ್ಲಿ ಕೇಂದ್ರ ಸರ್ಕಾರ ರವಿವರ್ಮರ ಕೃತಿಗಳನ್ನು ರಾಷ್ಟ್ರೀಯ ಕಲಾ ಸಂಪತ್ತು ಎಂದು ಘೋಷಿಸಿತು. ಅವುಗಳನ್ನು ದೇಶದಾಚೆ ಮಾರುವಂತಿಲ್ಲ. 2023ರಲ್ಲಿ ಅವರ ಯಶೋದಾ-ಕೃಷ್ಣ ಚಿತ್ರ ಹರಾಜಿನಲ್ಲಿ 38 ಕೋಟಿ ರೂಪಾಯಿಗೆ ಹೋಯಿತು. ಅದೇ ವರ್ಷ ತಿರುವನಂತಪುರದ ಮ್ಯೂಸಿಯಂ ಆವರಣದಲ್ಲಿ ಅವರ ಹೆಸರಿನ ಹೊಸ ಗ್ಯಾಲರಿಯೂ ಉದ್ಘಾಟನೆಯಾಯಿತು.

38 ಕೋಟಿಯ ಚಿತ್ರವನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳಬಲ್ಲವರು ಎಲ್ಲೋ ಕೆಲವರು. ಹಂಸದ ಮಾತಿಗೆ ಕಿವಿಗೊಟ್ಟು ನಿಂತ ದಮಯಂತಿಯನ್ನು, ಮುಳ್ಳು ತೆಗೆಯುವ ನೆಪದಲ್ಲಿ ಹಿಂದಿರುಗಿ ನೋಡುವ ಶಕುಂತಲೆಯನ್ನು ನೋಡಲು ಮಾತ್ರ ಶ್ರೀಮಂತರಾಗಬೇಕಿಲ್ಲ. ಈ ರಜೆಯಲ್ಲಿ ತಿರುವನಂತಪುರದ ಕಡೆ ಹೋದರೆ, ಮಕ್ಕಳ ಕೈ ಹಿಡಿದು ಒಂದು ಟಿಕೆಟ್ ಕೊಂಡರೆ ಸಾಕು.